ಹನ್ನೊಂದು ವರ್ಷದ ಡೆಸ್ಕ್‌ಟಾಪಿಗೆ ಬೇರೆ ಗ್ರಾಫಿಕ್ಸ್ ಕಾರ್ಡು: ಡೊಂಬಿವಲಿಯ ಕೆಲಸದ ದಿನಚರಿ

ನವೆಂಬರ್ 2, 2025, ಭಾನುವಾರ

2014ರಲ್ಲಿ ಬಿಡಿಭಾಗಗಳನ್ನು ಕೊಂಡು ನಾನೇ ಜೋಡಿಸಿದ ಡೆಸ್ಕ್‌ಟಾಪು ಡೊಂಬಿವಲಿಯ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ದುಡಿದಿದೆ. ಇಂಟೆಲ್ ಕೋರ್ ಐ5-4570 ಪ್ರೊಸೆಸರ್, ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡು, 16 ಜಿಬಿ ಡಿಡಿಆರ್3 ರ್ಯಾಮ್ ಮತ್ತು ಆಮೇಲೆ ಸೇರಿಸಿದ ಎಸ್‌ಎಸ್‌ಡಿ, ಇವುಗಳಲ್ಲಿ ಯಾವುದೂ ಇದುವರೆಗೆ ಕೈಕೊಟ್ಟಿಲ್ಲ. ತೊಂದರೆ ಕೊಡುತ್ತಿರುವುದು ಜಿಟಿ 710 ಎಂಬ ಗ್ರಾಫಿಕ್ಸ್ ಕಾರ್ಡು ಒಂದೇ.

ಊರಿನ ಯಕ್ಷಗಾನ ಮೇಳಗಳು ಮುಂಬೈಗೆ ಬಂದಾಗ ಆಟಗಳನ್ನೂ ಇಲ್ಲಿಯ ಹವ್ಯಾಸಿಗಳು ವೇಷವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗಳನ್ನೂ ಚಿತ್ರೀಕರಿಸಿ, ಕೆಡೆನ್‌ಲೈವ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಸಂಕಲಿಸಿ ಇಟ್ಟುಕೊಳ್ಳುವುದು ನನ್ನ ಹವ್ಯಾಸ. ಒಂದು ಗಂಟೆಯ ತಾಳಮದ್ದಳೆಯನ್ನು ಎಚ್.265 ಎಂಬ, ಕಡಿಮೆ ಜಾಗ ಹಿಡಿಯುವ ವಿಡಿಯೊ ರೂಪದಲ್ಲಿ ರೆಂಡರ್ ಮಾಡಲು, ಅಂದರೆ ಅಂತಿಮ ಕಡತವಾಗಿಸಲು, ಈ ಪ್ರೊಸೆಸರಿಗೆ 2 ಗಂಟೆ 5 ನಿಮಿಷ ಬೇಕು. ಪ್ರೊಸೆಸರಿನೊಳಗೇ ಇರುವ ಎಚ್‌ಡಿ 4600 ಗ್ರಾಫಿಕ್ಸು ಹಿಂದಿನ ಎಚ್.264 ರೂಪಕ್ಕೆ ಎನ್‌ಕೋಡ್ ಮಾಡಬಲ್ಲದೇ (ಕುಗ್ಗಿಸಿ ಬರೆಯಬಲ್ಲದೇ) ಹೊರತು ಎಚ್.265ಕ್ಕೆ ಅದರಲ್ಲಿ ವ್ಯವಸ್ಥೆಯೇ ಇಲ್ಲ. ಡಿಸ್ಕಿನಲ್ಲಿ ಜಾಗ ಉಳಿಸಬೇಕಾದ ನನಗೆ ಎಚ್.265 ಬೇಕೇ ಬೇಕು.

ಇದರ ಮೇಲೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ತೊಂದರೆಯೂ ಸೇರಿಕೊಂಡಿದೆ. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪಿಕೊಳ್ಳುವುದಿಲ್ಲವಾದ್ದರಿಂದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಬದಲಾಯಿಸಿದೆ. ಆದರೆ ಜಿಟಿ 710 ಕೆಪ್ಲರ್ ಪೀಳಿಗೆಯ ಕಾರ್ಡು, ಆ ಪೀಳಿಗೆಗೆ ಎನ್‌ವಿಡಿಯಾದ 470ರ ಸರಣಿಯೇ ಕೊನೆಯ ಡ್ರೈವರು. ಲಿನಕ್ಸಿನ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮರುದಿನ ಆ ಡ್ರೈವರು ಕೂರಲೇ ಇಲ್ಲ. ಇನ್ನು ತಡಮಾಡಬಾರದೆಂದು ಅಂದೇ ನಿರ್ಧರಿಸಿದೆ.

ನವೆಂಬರ್ 9, ಭಾನುವಾರ

ಒಂದು ವಾರ ಪೂರ್ತಿ ಆಯ್ಕೆಗೇ ಹೋಯಿತು. ಹಳೆಯ ಯಂತ್ರಕ್ಕೆ ಕಾರ್ಡು ಹುಡುಕುವಾಗ ಕಾರ್ಡು ಎಷ್ಟು ಬಲಶಾಲಿ ಎಂಬುದಕ್ಕಿಂತ, ಅದನ್ನು ಉಳಿದ ಭಾಗಗಳು ಎಷ್ಟರಮಟ್ಟಿಗೆ ಹೊರಬಲ್ಲವು ಎಂಬುದನ್ನೇ ಮೊದಲು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಣ್ಣಿಗೆ ಬಿದ್ದದ್ದು 2022ರ ಆರ್‌ಎಕ್ಸ್ 6400. ಕೇವಲ 53 ವ್ಯಾಟ್ ಬಳಸುತ್ತದೆ, ಗಾತ್ರವೂ ಚಿಕ್ಕದು. ಆದರೆ ಅದಕ್ಕೆ ಇರುವುದು ನಾಲ್ಕೇ ಪಿಸಿಐ ಎಕ್ಸ್‌ಪ್ರೆಸ್ ಲೇನುಗಳು, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಸಾಗುವ ದಾರಿಗಳು. ಹೊಸ 4.0 ಸ್ಲಾಟಿನಲ್ಲಿ ಆ ನಾಲ್ಕು ಲೇನುಗಳು ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುತ್ತವೆ. ಎಚ್81 ಬೋರ್ಡಿನ ಸ್ಲಾಟು 2.0 ಆದ್ದರಿಂದ ನನ್ನಲ್ಲಿ ಅದು ಸುಮಾರು 2 ಜಿಬಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ವಿಡಿಯೊ ಎನ್‌ಕೋಡ್ ಮಾಡುವ ಭಾಗವೇ ಆ ಚಿಪ್ಪಿನಲ್ಲಿ ಇಲ್ಲ. ನನ್ನ ಕೆಲಸಕ್ಕೆ ಅದು ಸಲ್ಲುವುದಿಲ್ಲ.

ಎರಡನೆಯದು 2016ರ ಜಿಟಿಎಕ್ಸ್ 1050 ಟಿಐ. ಹದಿನಾರು ಲೇನುಗಳಿವೆ, ಎನ್‌ಕೋಡರೂ ಇದೆ, ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವೂ ಹೌದು. ಆದರೆ ಅದು ಸೇರಿದ ಪಾಸ್ಕಲ್ ಪೀಳಿಗೆಗೆ 580ರ ಡ್ರೈವರ್ ಸರಣಿಯೇ ಕೊನೆಯದೆಂದು ಎನ್‌ವಿಡಿಯಾ ಈಗಾಗಲೇ ಪ್ರಕಟಿಸಿದೆ. 470ರ ಪಾಡನ್ನು ಅನುಭವಿಸಿದವನು ಮತ್ತೆ ಅದೇ ಹೊಂಡಕ್ಕೆ ಕಾಲಿಡಲಾರ. ಕೊನೆಗೆ 2019ರ ಜಿಟಿಎಕ್ಸ್ 1650 ಎಂದು ಗೊತ್ತುಮಾಡಿಕೊಂಡೆ. ಟ್ಯೂರಿಂಗ್ ಪೀಳಿಗೆ, 4 ಜಿಬಿ ಮೆಮೊರಿ, 75 ವ್ಯಾಟ್. ಸ್ಲಾಟಿನಿಂದ ದೊರೆಯುವ ಗರಿಷ್ಠ ವಿದ್ಯುತ್ತೂ 75 ವ್ಯಾಟೇ ಆಗಿರುವುದರಿಂದ, ಪ್ರತ್ಯೇಕ ಪವರ್ ಕೇಬಲ್ ಬೇಡದ ಮಾದರಿಯನ್ನೇ ಕೊಳ್ಳಬೇಕೆಂದು ಬರೆದಿಟ್ಟುಕೊಂಡೆ.

ಸಂಜೆ ಠಾಣೆಯಿಂದ ಭಾವ ಬಂದಿದ್ದರು. ಟಿವಿ ರಿಪೇರಿಯಲ್ಲಿ ಮೂವತ್ತು ವರ್ಷ ಪಳಗಿದ ಕೈ ಅವರದು. ಕ್ಯಾಬಿನೆಟ್ಟಿನ ಬದಿಯನ್ನು ಬಿಚ್ಚಿದವರು ಕಾರ್ಡಿನ ಸುದ್ದಿಯನ್ನೇ ಎತ್ತದೆ ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಮ್‌ಪಿಎಸ್‌ನ ಮೇಲೆ ಟಾರ್ಚು ಹಿಡಿದರು.

"ಬರಿದೇ ವ್ಯಾಟ್ ನೋಡುವುದಲ್ಲ ಮಾರಾಯ, ಹನ್ನೆರಡು ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಕೊಡುತ್ತದೆ, ಅದನ್ನು ನೋಡು."

ಲೇಬಲಿನಲ್ಲಿ ದಪ್ಪಕ್ಷರದ 450 ವ್ಯಾಟಿನ ಕೆಳಗೆ, ಸಣ್ಣಕ್ಷರದಲ್ಲಿ 12 ವೋಲ್ಟಿಗೆ 16 ಆಂಪಿಯರ್ ಎಂದಿತ್ತು. ಗುಣಿಸಿದರೆ 192 ವ್ಯಾಟ್ ಮಾತ್ರ. ಪ್ರೊಸೆಸರಿಗೆ 84, ಕಾರ್ಡಿಗೆ 75, ಎರಡೂ ಕೂಡಿ 159. ಫ್ಯಾನು, ಡಿಸ್ಕುಗಳ ಲೆಕ್ಕ ಹಿಡಿದರೆ ಹನ್ನೊಂದು ವರ್ಷ ಕಾದು ಒಣಗಿದ ಕೆಪಾಸಿಟರುಗಳಿಗೆ ಉಸಿರಾಡಲೂ ಜಾಗ ಉಳಿಯುವುದಿಲ್ಲ. ಹೊಸ ಎಸ್‌ಎಮ್‌ಪಿಎಸ್ ಕೂಡ ಖರೀದಿಯ ಪಟ್ಟಿಗೆ ಸೇರಿತು.

ನವೆಂಬರ್ 15, ಶನಿವಾರ

ದಾದರಿನಲ್ಲಿ ಲೈನು ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಫಲಕಗಳಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದಿದ್ದರೂ ಜನರ ಬಾಯಲ್ಲಿ ಅದು ಇಂದಿಗೂ ಲ್ಯಾಮಿಂಗ್ಟನ್ ರೋಡೇ. ಮೂರನೆಯ ಅಂಗಡಿಯಲ್ಲಿ ಬೇಕಾದ ಮಾದರಿ ಸಿಕ್ಕಿತು. ಅಂಗಡಿಯವರೇ ಅದನ್ನು ಟೆಸ್ಟ್ ಬೆಂಚಿಗೆ ಹಾಕಿ ಇಪ್ಪತ್ತು ನಿಮಿಷ ಪೂರ್ತಿ ಹೊರೆ ಕೊಟ್ಟು ತೋರಿಸಿದರು. ಪರದೆಯ ಮೇಲೆ ಗೆರೆ, ಚುಕ್ಕೆ ಏನೂ ಮೂಡಲಿಲ್ಲ. ಕಾರ್ಡಿಗೆ 6,800 ರೂಪಾಯಿ, 80 ಪ್ಲಸ್ ಬ್ರಾಂಝ್ ದಕ್ಷತೆಯ ದರ್ಜೆಯ 450 ವ್ಯಾಟಿನ ಹೊಸ ಎಸ್‌ಎಮ್‌ಪಿಎಸ್‌ಗೆ 2,900 ರೂಪಾಯಿ ಕೊಟ್ಟೆ.

ನವೆಂಬರ್ 16, ಭಾನುವಾರ

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿಹಿಡಿದು ಒಳಗೆ ಉಳಿದಿದ್ದ ವಿದ್ಯುತ್ತನ್ನು ಹರಿಯಬಿಟ್ಟು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಕೆಲಸ ಶುರುಮಾಡಿದೆ. ನಮ್ಮ ಕಟ್ಟಡ ರೈಲು ಹಳಿಗೆ ಹತ್ತಿರ. ಇಲ್ಲಿಯ ಧೂಳು ಊರಿನ ಕೆಂಪು ಧೂಳಿನಂತೆ ಊದಿದರೆ ಹಾರುವಂಥದ್ದಲ್ಲ. ಮಳೆಗಾಲದ ತೇವ ಹೀರಿ ಕಾಡಿಗೆಯಂತೆ ಅಂಟಿಕೊಂಡಿರುತ್ತದೆ. ಜಿಟಿ 710ರ ಹೀಟ್‌ಸಿಂಕಿನ ಸಂದುಗಳಲ್ಲಿ ಅದು ಕಂಬಳಿಯ ತುಂಡಿನ ಹಾಗೆ ಒಂದೇ ಪದರವಾಗಿ ಎದ್ದುಬಂತು. ಸ್ಲಾಟನ್ನು ಮೆತ್ತನೆಯ ಬ್ರಷ್ಷಿನಿಂದಲೂ ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದಲೂ ಶುಚಿಮಾಡಿದೆ. ರಬ್ಬರಿನಿಂದ ಉಜ್ಜುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಅದು ಲೇಪವನ್ನೇ ಸವೆಸುತ್ತದೆ.

ಕಾರ್ಡು ಸ್ಲಾಟಿನಲ್ಲಿ ಕೂತಿತು, ಕೊನೆಯ ಕೊಕ್ಕೆ ಟಕ್ಕೆಂದಿತು. ಆದರೆ ಎರಡು ಸ್ಲಾಟಿನಷ್ಟು ದಪ್ಪದ ಅದರ ಮೈ ಕೆಳಗಿನ, ಡಿಸ್ಕುಗಳನ್ನು ಜೋಡಿಸುವ ಎರಡು ಸಾಟಾ ಪೋರ್ಟುಗಳ ಮೇಲೆ ಚಾಚಿಕೊಂಡಿತು. ಹಾರ್ಡ್ ಡಿಸ್ಕಿನ ಕೇಬಲನ್ನು ಮೇಲಿನ ಪೋರ್ಟಿಗೆ ಬದಲಿಸಿದೆ, ಡಿವಿಡಿ ಡ್ರೈವಿಗೆ ಜಾಗ ಉಳಿಯಲಿಲ್ಲ.

ನಿಜವಾದ ಅಡ್ಡಿ ಎದುರಾದದ್ದು ಆಮೇಲೆ. ನನ್ನ ಮಾನಿಟರಿನಲ್ಲಿ ಇರುವುದು ಹಳೆಯ ಅನಲಾಗ್ ಪೋರ್ಟಾದ ವಿಜಿಎ ಒಂದೇ. ಡ್ರಾಯರಿನಲ್ಲಿದ್ದ ಡಿವಿಐನಿಂದ ವಿಜಿಎಗೆ ಹೋಗುವ ಅಡಾಪ್ಟರು ಸಾಕಾಗುತ್ತದೆಂದು ನಂಬಿದ್ದೆ. ಹಚ್ಚಲು ಹೋದರೆ ಅದು ಒಳಗೇ ಹೋಗದು. ಟಾರ್ಚು ಹಿಡಿದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಅಡಾಪ್ಟರಿನ ಒಂದು ತುದಿಯಲ್ಲಿ ಚಪ್ಪಟೆ ಪಟ್ಟಿಯ ಸುತ್ತ ನಾಲ್ಕು ಪಿನ್ನುಗಳಿವೆ, ಕಾರ್ಡಿನಲ್ಲಿ ಅವುಗಳಿಗೆ ರಂಧ್ರಗಳಿಲ್ಲ. ಅನಲಾಗ್ ಸಂಕೇತ ಹರಿಯುವುದು ಆ ನಾಲ್ಕು ಪಿನ್ನುಗಳಲ್ಲೇ. ಕಾರ್ಡಿನದು ಡಿಜಿಟಲ್ ಮಾತ್ರ ಕೊಡುವ ಡಿವಿಐ-ಡಿ. ಒತ್ತಿ ತುರುಕಿದ್ದರೆ ಪಿನ್ನೂ ಮುರಿಯುತ್ತಿತ್ತು, ಪೋರ್ಟೂ ಹಾಳಾಗುತ್ತಿತ್ತು. ಅಂದಿನ ಮಟ್ಟಿಗೆ ಎಚ್‌ಡಿಎಮ್‌ಐ ಮೂಲಕ ಹಾಲಿನ ಟಿವಿಗೆ ಜೋಡಿಸಿದೆ.

ಚಿತ್ರ ಮೂಡಿತು, ಆದರೆ ತಾರೀಖು 2014ಕ್ಕೆ ಹಿಂದೆ ಸರಿದಿತ್ತು. ಪ್ಲಗ್ಗಿನಲ್ಲಿದ್ದಷ್ಟೂ ದಿನ ಎಸ್‌ಎಮ್‌ಪಿಎಸ್‌ನ ಸ್ಟ್ಯಾಂಡ್‌ಬೈ ವಿದ್ಯುತ್ತೇ ಗಡಿಯಾರವನ್ನು ನಡೆಸುತ್ತಿದ್ದುದರಿಂದ ಬೋರ್ಡಿನ ಸಿಆರ್2032 ಸೆಲ್ಲು ಸತ್ತದ್ದು ತಿಳಿದೇ ಇರಲಿಲ್ಲ. ಭಾವ ಬಿಟ್ಟುಹೋಗಿದ್ದ ಮಲ್ಟಿಮೀಟರಿನಲ್ಲಿ, 3 ವೋಲ್ಟ್ ಇರಬೇಕಾದ ಸೆಲ್ಲು 2.1 ತೋರಿಸಿತು. ಕೆಳಗಿನ ಅಂಗಡಿಯಿಂದ ಬೇರೆ ಸೆಲ್ಲು ತಂದು ಹಾಕಿದೆ.

ನವೆಂಬರ್ 23, ಭಾನುವಾರ

ಎಚ್‌ಡಿಎಮ್‌ಐ ಸಂಕೇತವನ್ನು ವಿಜಿಎಗೆ ಪರಿವರ್ತಿಸುವ ಪುಟ್ಟ ಕನ್ವರ್ಟರಿನಿಂದ ಹಳೆಯ ಮಾನಿಟರು ಮತ್ತೆ ಬೆಳಗಿದೆ. ಡ್ರೈವರು ಮಿಂಟಿನ ಡ್ರೈವರ್ ಮ್ಯಾನೇಜರಿನಿಂದಲೇ ಸುಸೂತ್ರವಾಗಿ ಕೂತಿತು. ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಮ್‌ಐ ತೆರೆದು ನೋಡಿದರೆ, ಸುಮ್ಮನಿದ್ದಾಗ ಪಿಸಿಐ ಎಕ್ಸ್‌ಪ್ರೆಸ್ ಮೊದಲ ಪೀಳಿಗೆಯ ವೇಗದಲ್ಲಿರುತ್ತದೆ. ವಿದ್ಯುತ್ ಉಳಿಸಲು ಕಾರ್ಡೇ ಹೀಗೆ ಇಳಿಯುತ್ತದೆ. ರೆಂಡರ್ ಶುರುವಾದೊಡನೆ ಅದು ಎರಡಕ್ಕೆ ಏರುತ್ತದೆ, ಲೇನುಗಳು ಹದಿನಾರೂ ಇವೆ.

ಅದೇ ಒಂದು ಗಂಟೆಯ ತಾಳಮದ್ದಳೆ ಈಗ 27 ನಿಮಿಷಗಳಲ್ಲಿ ಮುಗಿಯಿತು. ಆದರೆ ಇಡೀ ಪ್ರಸಂಗಕ್ಕೆ ಬಣ್ಣ ತಿದ್ದುವ ಪರಿಣಾಮ ಸೇರಿಸಿದಾಗ ಸಮಯ 54 ನಿಮಿಷಕ್ಕೆ ಏರಿತು. ನನ್ನ ಯೋಜನೆಯಲ್ಲಿ ಆ ಪರಿಣಾಮಗಳ ಲೆಕ್ಕಾಚಾರವೆಲ್ಲ ಪ್ರೊಸೆಸರಿನ ನಾಲ್ಕು ಕೋರುಗಳ ಮೇಲೆಯೇ ಬೀಳುತ್ತದೆ, ಕಾರ್ಡು ಮಾಡಿಕೊಡುವುದು ಎನ್‌ಕೋಡ್ ಕೆಲಸವನ್ನು ಮಾತ್ರ. ವೇಷಗಳ ಕೆಂಪು, ಹಸಿರು ಬಣ್ಣಗಳು ವೇದಿಕೆಯ ಎಲ್‌ಇಡಿ ಬೆಳಕಿನಲ್ಲಿ ಕೆಡುವುದರಿಂದ ಆಟದ ಚಿತ್ರೀಕರಣಕ್ಕೆ ಈ ತಿದ್ದುಪಡಿ ಅನಿವಾರ್ಯ. ತಾಳಮದ್ದಳೆಗೆ ಅದರ ಅಗತ್ಯವಿಲ್ಲ. ಹಾಗಾಗಿ ತಾಳಮದ್ದಳೆಗಳ ಹಳೆಯ ರಾಶಿಯನ್ನು ಮೊದಲು ಮುಗಿಸುವುದೆಂದು ತೀರ್ಮಾನಿಸಿದ್ದೇನೆ. ರೆಂಡರ್ ನಡೆಯುವಾಗ ಕಾರ್ಡಿನ ಉಷ್ಣತೆ 64 ಡಿಗ್ರಿಯ ಆಸುಪಾಸಿನಲ್ಲಿದೆ. ಮೇ ತಿಂಗಳ ಸೆಕೆಯಲ್ಲಿ ಮತ್ತೊಮ್ಮೆ ಅಳೆದು ಇಲ್ಲಿಯೇ ಬರೆದಿಡಬೇಕು. ಕ್ಯಾಬಿನೆಟ್ಟಿನ ಮುಂದಿನ ಜಾಲರಿಗೆ ಧೂಳು ತಡೆಯುವ ಬಲೆ ಹಾಕುವುದು ಡಿಸೆಂಬರಿನ ಕೆಲಸ.