ಸಾವಿರ ವರ್ಷದ ನಾಣ್ಯ ಎಷ್ಟು ಬಾಳುತ್ತೆ?

ಮನೆಗೆ ಬಂದವರ ಕೈಗೆ ಚೌಕ ತೂತಿನ ಚೀನೀ ನಾಣ್ಯವೊಂದನ್ನು ಕೊಟ್ಟು "ಸುಮಾರು ಸಾವಿರ ವರ್ಷ ಹಳೇದು" ಅಂದರೆ ಸಾಕು, ಮರುಮಾತು ಒಂದೇ: "ಹಾಗಾದ್ರೆ ಲಕ್ಷಗಟ್ಟಲೆ ಬಾಳುತ್ತಲ್ವಾ?"

ಇಲ್ಲ. ದರ್ಶಿನಿಯಲ್ಲಿ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದಷ್ಟು, ಅಷ್ಟೇ.

ನಾನು ತೋರಿಸುವುದು ಯುವಾನ್‌ಫೆಂಗ್ ತೊಂಗ್‌ಬಾವ್ ಎಂಬ ನಾಣ್ಯ, ಚೀನಾದ ಉತ್ತರ ಸೊಂಗ್ ವಂಶದ ದೊರೆ ಶೆನ್‌ಜೊಂಗನ ಕಾಲದ್ದು (1078–1085). ಆಗ ಚೀನಾದ ಟಂಕಸಾಲೆಗಳು ವರ್ಷಕ್ಕೆ ಸುಮಾರು 50 ಲಕ್ಷ ಸರ ನಾಣ್ಯ ಎರಕ ಹೊಯ್ಯುತ್ತಿದ್ದವು. ಸರಕ್ಕೆ 1000 ಬಿಲ್ಲೆ ಅಂತ ಲೆಕ್ಕ. ಆದರೆ 770 ಪೋಣಿಸಿದರೂ ಸಾವಿರವೆಂದೇ ನಡೆಯುತ್ತಿತ್ತು, ಸರ್ಕಾರವೇ ಒಪ್ಪಿದ ತೂತು ಲೆಕ್ಕ! ಹೇಗೆ ಎಣಿಸಿದರೂ ನೂರಾರು ಕೋಟಿ. ಅಪರೂಪ ಎಲ್ಲಿಂದ ಬರಬೇಕು?

ಚೌಕ ತೂತು ದಾರಕ್ಕೆ ಮಾತ್ರವಲ್ಲ. ಎರಕದ ಅಂಚನ್ನು ಅರ ಹಾಕಿ ಉಜ್ಜುವಾಗ ನಾಣ್ಯಗಳನ್ನು ಚೌಕ ಸರಳಿಗೆ ಏರಿಸುತ್ತಿದ್ದರು. ತೂತು ಗುಂಡಗಿದ್ದಿದ್ದರೆ ಅರ ತಾಗಿದೊಡನೆ ಗಿರಗಿರ ತಿರುಗಿಬಿಡುತ್ತಿದ್ದವು.

ಇಷ್ಟೊಂದು ನಾಣ್ಯ ಚೀನಾದೊಳಗೇ ಉಳಿಯಲಿಲ್ಲ. 1074ರಲ್ಲಿ ಹೊರದೇಶಕ್ಕೆ ಸಾಗಿಸುವ ನಿಷೇಧ ತೆಗೆದರು. 1077ರಲ್ಲಿ ಹೋದ ಚೋಳರ ರಾಯಭಾರಿಗಳಿಗೆ ತಂದ ಕಾಣಿಕೆಗೆ ಪ್ರತಿಯಾಗಿ ಸಿಕ್ಕಿದ್ದು 81,800 ಸರ. ತಂಜಾವೂರಿನ ಸೀಮೆಯಲ್ಲಿ ಚೀನೀ ನಾಣ್ಯಗಳ ನಿಧಿ ಸಿಕ್ಕಿದ್ದು ಯಾಕೆ ಅಂತ ಇನ್ನು ಕೇಳಬೇಕಿಲ್ಲ. ಕೊರಿಯಾದ ಸಿನಾನ್ ಬಳಿ ಮುಳುಗಿದ 14ನೇ ಶತಮಾನದ ಹಡಗೊಂದರಲ್ಲೇ 28 ಟನ್ ನಾಣ್ಯವಿತ್ತು.

ಬೆಲೆ ಏರಿಸುವುದು ವಯಸ್ಸಲ್ಲ, ದೊರೆಯ ದುರದೃಷ್ಟ. ಶೆನ್‌ಜೊಂಗನ ಮೊಮ್ಮಗ ಚಿನ್‌ಜೊಂಗ್ ಪಟ್ಟಕ್ಕೆ ಬಂದು 1126ರಲ್ಲಿ ಜಿಂಗ್‌ಕಾಂಗ್ ಎಂಬ ಹೊಸ ಶಕೆ ಶುರುಮಾಡಿ, ಆ ಹೆಸರಲ್ಲೇ ನಾಣ್ಯ ಹೊಯ್ಯಿಸಿದ. 1127ಕ್ಕೆ ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ನರು ರಾಜಧಾನಿ ಕೈಫೆಂಗನ್ನು ಹಿಡಿದು ಚಿನ್‌ಜೊಂಗ್, ಅವನ ಅಪ್ಪ ಇಬ್ಬರನ್ನೂ ಸೆರೆ ಒಯ್ದರು. ಎರಕದ ಒಲೆ ಹೆಚ್ಚು ದಿನ ಉರಿಯಲೇ ಇಲ್ಲ. ಜಿಂಗ್‌ಕಾಂಗ್ ನಾಣ್ಯಕ್ಕೆ ಸಂಗ್ರಾಹಕರು ಜೀವ ಬಿಡುವುದು ಅದಕ್ಕೇ.

ನಾನೂ ಬಿಟ್ಟಿದ್ದೆ, ಜೀವ ಅಲ್ಲ, ಒಂದು ತಿಂಗಳ ಸಂಬಳ. ಆನ್‌ಲೈನ್‌ನಲ್ಲಿ ಕೊಂಡ "ಜಿಂಗ್‌ಕಾಂಗ್" ಮನೆಗೆ ಬಂದಾಗ ನೇಲ್ ಪಾಲಿಷ್ ತೆಗೆಯುವ ದ್ರವ ಸೋಕಿಸಿದ್ದೇ, ಕಿಲುಬು ಅಂದುಕೊಂಡ ಹಸಿರು ಹತ್ತಿಗೆ ಅಂಟಿ ಬಂತು. ಒಳಗೆ ಮಿರಮಿರ ಹೊಸ ಹಿತ್ತಾಳೆ. ಅರ ಹಾಕಿದ ಗೀರು ಒಂದೂ ಇಲ್ಲ.

ಅದನ್ನೂ ಆಲ್ಬಮ್‌ನಲ್ಲೇ ಇಟ್ಟಿದ್ದೇನೆ. ಬಂದವರೆಲ್ಲ ಮೊದಲು ಅದಕ್ಕೇ ಕೈ ಹಾಕುತ್ತಾರೆ.