ಲಸಿಕೆಯ ಪೆಟ್ಟಿಗೆ ಹಿಡಿದು ವಾರ್ಡಿಗೇ ಹೋದ ಮೇಲೆ

ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಸೋಂಕು ನಿಯಂತ್ರಣ ವಿಭಾಗದಲ್ಲಿ ನಾನು ನರ್ಸ್. ಸಿಬ್ಬಂದಿ ಸರಿಯಾಗಿ ಕೈ ತೊಳೆಯುತ್ತಿದ್ದಾರೆಯೇ ಎಂಬುದರಿಂದ ಹಿಡಿದು ಬಳಸಿದ ಸೂಜಿಗಳ ವಿಲೇವಾರಿಯವರೆಗೆ ಎಲ್ಲವನ್ನೂ ಗಮನಿಸುವುದು ನನ್ನ ಕೆಲಸ. ಪ್ರತಿವರ್ಷ ಮುಂಗಾರಿಗೆ ಮೊದಲು ಸಿಬ್ಬಂದಿಗೆಲ್ಲ ಫ್ಲೂ ಲಸಿಕೆ ಹಾಕಿಸುವ ಹೊಣೆಯೂ ನನ್ನದೇ. ಲಸಿಕೆಯ ಖರ್ಚನ್ನು ಆಸ್ಪತ್ರೆಯೇ ಭರಿಸುತ್ತದೆ. ಹಾಗಿದ್ದರೂ ಮೊದಲ ಎರಡು ವರ್ಷ ಫ್ರಿಜ್ಜಿನಲ್ಲಿ ಡೋಸುಗಳು ಉಳಿದೇ ಹೋದವು. ರೋಗಿಗಳ ಮನೆಯವರಿಗೆ ದಿನವಿಡೀ ಆರೋಗ್ಯದ ಬುದ್ಧಿ ಹೇಳುವ ನರ್ಸುಗಳು ತಮ್ಮ ಸರದಿ ಬಂದಾಗ "ನಾಳೆ ಬರ್ತೀನಿ ಸಿಸ್ಟರ್" ಎಂದು ಹೇಳಿ ಹೊರಟುಬಿಡುತ್ತಿದ್ದರು.

ತಿಳಿವಳಿಕೆ ಸಾಲದು ಎಂದುಕೊಂಡು ನಾನು ಉಪನ್ಯಾಸ ಏರ್ಪಡಿಸಿದೆ. ಫ್ಲೂ ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ, ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೂ ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೂ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಶಿಫಾರಸು ಮಾಡುತ್ತದೆ. ಆದ್ದರಿಂದ ಕಳೆದ ವರ್ಷ ಹಾಕಿಸಿಕೊಂಡದ್ದು ಈ ವರ್ಷಕ್ಕೆ ಸಾಲದು. ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕಾಗುವುದರಿಂದ ಮಳೆ ಹಿಡಿಯುವ ಮೊದಲೇ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಹಾಕಿಸಿಕೊಳ್ಳಬೇಕು ಎಂದೆಲ್ಲ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಲಸಿಕೆ ಕೊಠಡಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ.

ನಿಜವಾದ ಕಾರಣ ತಿಳಿದದ್ದು ಒಂದು ರಾತ್ರಿ ಪಾಳಿಯಲ್ಲಿ, ಚಹಾ ಕುಡಿಯುತ್ತ ಕುಳಿತಾಗ. ಡಯಾಲಿಸಿಸ್ ವಿಭಾಗದ ನರ್ಸ್ ಒಬ್ಬರು, "ಹೋದ ವರ್ಷ ಹಾಕಿಸ್ಕೊಂಡ ಮಾರನೇ ದಿನವೇ ನಂಗೆ ಜ್ವರ ಬಂತು" ಎಂದರು. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿತ್ತು: ನಾವು ಕೊಡುವ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ, ಒಂದೆರಡು ದಿನದ ಮೈಕೈ ನೋವು ಮತ್ತು ಸಣ್ಣ ಜ್ವರ ದೇಹದ ಸಹಜ ಪ್ರತಿಕ್ರಿಯೆ. ಆ ಮಾತು ಬಾಯಿಗೆ ಬರುವಷ್ಟರಲ್ಲಿ ಅವರೇ ಮುಂದುವರಿಸಿದರು: "ಜ್ವರ ಇದ್ದರೂ ಡ್ಯೂಟಿಗೆ ಬಾ ಅಂದ್ರು. ಬರೋಕಾಗ್ಲಿಲ್ಲ, ಒಂದು ಸಿಎಲ್ ಹೋಯ್ತು." ಅವರಿಗೆ ಲಸಿಕೆಯ ವಿಜ್ಞಾನದ ಬಗ್ಗೆ ತಕರಾರೇನೂ ಇರಲಿಲ್ಲ, ಲಸಿಕೆಯ ಬೆಲೆಯನ್ನು ಅವರು ತಮ್ಮ ರಜೆಯಲ್ಲಿ ತೆತ್ತಿದ್ದರು. ನಾನು ಎರಡು ವರ್ಷ ಉತ್ತರ ಕೊಟ್ಟದ್ದು ಅವರು ಕೇಳದೇ ಇದ್ದ ಪ್ರಶ್ನೆಗೆ.

ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಬಳಿ ಹೋಗಿ ಎರಡು ಬದಲಾವಣೆಗಳನ್ನು ಕೇಳಿಕೊಂಡೆ. ಪ್ರತಿಯೊಬ್ಬರಿಗೂ ಅವರ ವಾರದ ರಜೆಯ ಹಿಂದಿನ ದಿನ ಲಸಿಕೆ ಹಾಕುವಂತೆ ರೋಸ್ಟರ್ ಹೊಂದಿಸಬೇಕು. ಹಗಲು ಹತ್ತರಿಂದ ನಾಲ್ಕರವರೆಗೆ ಮಾತ್ರ ತೆರೆದಿರುತ್ತಿದ್ದ ಲಸಿಕೆ ಕೊಠಡಿಯನ್ನು ನೆಚ್ಚಿಕೊಳ್ಳದೆ ಪಾಳಿ ಬದಲಾಗುವ ಹೊತ್ತಿಗೆ ನಾವೇ ವಾರ್ಡಿಗೆ ಹೋಗಬೇಕು. ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಕೆಂಗೇರಿಗೋ ನೆಲಮಂಗಲಕ್ಕೋ ಬಸ್ಸು ಹಿಡಿಯುವವರು ಒಂದು ಚುಚ್ಚುಮದ್ದಿಗಾಗಿ ಹತ್ತು ಗಂಟೆಯವರೆಗೆ ಕಾಯಲಿ ಎಂದು ನಿರೀಕ್ಷಿಸಿದ್ದೇ ತಪ್ಪಾಗಿತ್ತು.

ಸಂಜೆ ಏಳೂವರೆಗೆ ಐಸ್ ಪ್ಯಾಕ್ ಜೋಡಿಸಿದ ಪೆಟ್ಟಿಗೆ ಹಿಡಿದು ಮೂರನೇ ಮಹಡಿಗೆ ಹೋದ ಮೊದಲ ದಿನವೇ ಇನ್ನೊಂದು ಲೋಪ ಕಣ್ಣಿಗೆ ಬಿತ್ತು. ನಾನು ಪಟ್ಟಿಯಲ್ಲಿ ಹೆಸರು ಗುರುತು ಹಾಕುತ್ತಿದ್ದಾಗ ಹೌಸ್‌ಕೀಪಿಂಗ್‌ನ ಹಿರಿಯ ಹೆಂಗಸೊಬ್ಬರು ನೆಲ ಒರೆಸುವುದನ್ನು ನಿಲ್ಲಿಸಿ, ಪೆಟ್ಟಿಗೆಯನ್ನೇ ನೋಡುತ್ತ, "ಅದು ನಮಗೂ ಉಂಟಾ ಸಿಸ್ಟರ್, ನಿಮಗೆ ಮಾತ್ರಾನಾ?" ಎಂದು ಕೇಳಿದರು. ಪಟ್ಟಿಯನ್ನು ಆಸ್ಪತ್ರೆಯ ಸಂಬಳದ ದಾಖಲೆಯಿಂದ ತೆಗೆದಿದ್ದರು. ಗುತ್ತಿಗೆಯ ಮೇಲೆ ಬರುವ ಹೌಸ್‌ಕೀಪಿಂಗ್, ಸೆಕ್ಯುರಿಟಿ, ಕ್ಯಾಂಟೀನಿನವರು ಅದರಲ್ಲಿ ಯಾರೂ ಇರಲಿಲ್ಲ. ಕೆಮ್ಮುವ ರೋಗಿಯ ಹಾಸಿಗೆಯ ಹೊದಿಕೆ ತೆಗೆಯುವವರು ಇವರೇ ಅಲ್ಲವೇ? ಆಡಳಿತಕ್ಕೆ ಪತ್ರ ಬರೆದು, ಮತ್ತೆ ಮತ್ತೆ ನೆನಪಿಸಿ, ಅವರಿಗೂ ಡೋಸು ಮಂಜೂರಾಗುವ ಹೊತ್ತಿಗೆ ಎರಡು ವಾರ ಹಿಡಿಯಿತು.

ಆ ದಿನ ಅವರೇ ಮೊದಲು ಬಂದರು. ಬಿಗಿಯಾದ ಯೂನಿಫಾರ್ಮಿನ ತೋಳನ್ನು ಕಷ್ಟಪಟ್ಟು ಮೇಲೇರಿಸುತ್ತ, ಮನೆಯಲ್ಲಿ ನಾಲ್ಕು ತಿಂಗಳ ಮೊಮ್ಮಗು ಇದೆ, ತಾನು ಹಾಕಿಸಿಕೊಂಡರೆ ಮಗುವಿಗೆ ಫ್ಲೂ ಬರುವುದಿಲ್ಲವೇ ಎಂದು ವಿಚಾರಿಸಿದರು. ಆರು ತಿಂಗಳು ತುಂಬದ ಶಿಶುಗಳಿಗೆ ಈ ಲಸಿಕೆ ಕೊಡುವಂತಿಲ್ಲ, ಆದ್ದರಿಂದ ಜೊತೆಯಲ್ಲಿರುವ ದೊಡ್ಡವರು ಹಾಕಿಸಿಕೊಳ್ಳುವುದೇ ಆ ಮಗುವಿಗೆ ಒಂದು ರಕ್ಷಣೆ. ಆದರೆ ಪೂರ್ತಿ ಖಾತರಿಯಲ್ಲ, ಅಪಾಯ ಕಡಿಮೆಯಾಗುತ್ತದೆ ಎಂದೆ. "ಅಷ್ಟಾದರೂ ಆಗಲಿ" ಎಂದು ತೋಳು ಮುಂದೆ ಮಾಡಿದರು.

ಈ ಪೂರ್ತಿ ಖಾತರಿಯಲ್ಲ ಎಂಬ ಮಾತನ್ನು ನಾನು ಮೊದಲು ಮುಚ್ಚಿಡುತ್ತಿದ್ದೆ. ಲಸಿಕೆಯ ತಳಿಗಳು ಹರಡುತ್ತಿರುವ ತಳಿಗಳಿಗೆ ಚೆನ್ನಾಗಿ ಹೊಂದಿದ ವರ್ಷಗಳಲ್ಲೂ ಕಾಯಿಲೆಯ ಅಪಾಯ ತಗ್ಗುವುದು ಶೇಕಡಾ 40ರಿಂದ 60ರಷ್ಟು. ಇದನ್ನು ಹೇಳಿದರೆ ಯಾರೂ ಬರಲಾರರು ಎಂಬ ಭಯ ನನಗಿತ್ತು. ಆದರೆ ಲಸಿಕೆ ಹಾಕಿಸಿಕೊಂಡೂ ನೆಗಡಿ ಬಂದ ವೈದ್ಯರೊಬ್ಬರು ಮೋಸವಾಯಿತೆಂದು ಎಲ್ಲರೆದುರು ಹೇಳಿದ್ದರಿಂದ ಆದ ನಷ್ಟ ಅದಕ್ಕಿಂತ ದೊಡ್ಡದು. ಈಗ ಅಂಕಿಯನ್ನು ಮೊದಲೇ ಹೇಳುತ್ತೇನೆ. ಕಾಯಿಲೆ ಬಂದರೂ ಅದು ಉಲ್ಬಣಿಸುವ ಸಾಧ್ಯತೆ ಕಡಿಮೆ ಎಂಬುದನ್ನೂ ಸೇರಿಸುತ್ತೇನೆ.

ಹೆಪಟೈಟಿಸ್ ಬಿ ಲಸಿಕೆಗೆ ನಮ್ಮಲ್ಲಿ ಯಾರೂ ಹಿಂದೆ ಸರಿಯುವುದಿಲ್ಲ, ಅದು ಮೂರು ಡೋಸಾದರೂ. ಸೂಜಿ ಚುಚ್ಚಿಕೊಳ್ಳುವ ಭಯ ದಿನವೂ ಕಣ್ಣೆದುರಿಗೇ ಇರುತ್ತದೆ. ಫ್ಲೂ ಎಂದರೆ "ನೆಗಡಿ ತಾನೆ" ಎಂಬ ಭಾವನೆ. ಗಟ್ಟಿಮುಟ್ಟಾದ ಇಪ್ಪತ್ತೈದರ ನರ್ಸಿಗೆ ಅದು ನೆಗಡಿಯೇ ಇರಬಹುದು. ಆದರೆ ರೋಗಲಕ್ಷಣ ಕಾಣುವ ಒಂದು ದಿನ ಮೊದಲೇ ಅವರಿಂದ ಸೋಂಕು ಹರಡಬಲ್ಲದು, ಅವರ ಕೈಯಡಿ ಮಲಗಿರುವವರು ಕೀಮೋ ಪಡೆಯುತ್ತಿರುವವರು, ಮೂತ್ರಪಿಂಡ ಸೋತವರು. 2023ರ ಮಾರ್ಚಿನಲ್ಲಿ ಹಾಸನ ಜಿಲ್ಲೆಯ 82 ವರ್ಷದ ವೃದ್ಧರೊಬ್ಬರು ಎಚ್‌3ಎನ್‌2 ಎಂಬ ಫ್ಲೂ ವೈರಾಣುವಿನ ಸೋಂಕಿನಿಂದ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಕೊಠಡಿಯ ಮುಂದೆ ತಾನಾಗಿ ಸಾಲು ನಿಂತಿತ್ತು. ಮರುವರ್ಷ ಆ ಸಾಲು ಇರಲಿಲ್ಲ. ಭಯವನ್ನು ನಂಬಿ ಅಭಿಯಾನ ನಡೆಸಬಾರದೆಂದು ನಾನು ಅಂದೇ ನಿರ್ಧರಿಸಿದೆ.

ಕಡ್ಡಾಯ ಮಾಡಿಬಿಡೋಣವೇ ಎಂದು ಆಡಳಿತ ಮಂಡಳಿಯವರು ಒಮ್ಮೆ ಕೇಳಿದರು. ಅಮೆರಿಕದ ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲೇ ಹಾಗೆ ಮಾಡಿ ಶೇಕಡಾ 97ಕ್ಕೂ ಹೆಚ್ಚು ಸಿಬ್ಬಂದಿಗೆ ಲಸಿಕೆ ಹಾಕಿಸಿದ್ದು ನಿಜ. ಆದರೂ ನಾನು ಬೇಡವೆಂದೆ. ಜ್ವರ ಬಂದವರಿಗೆ ರಜೆ ಕೊಡದ, ಗುತ್ತಿಗೆಯವರನ್ನು ಲೆಕ್ಕಕ್ಕೇ ಹಿಡಿಯದ ಸ್ಥಿತಿಯಲ್ಲಿ ಕಡ್ಡಾಯ ಹೇರಿದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಮೊದಲು ಅವೆರಡೂ ಪೂರ್ತಿ ಸರಿಹೋಗಲಿ, ಆಮೇಲೆ ಮಾತಾಡೋಣ ಎಂದು ಕೋರಿದೆ.

ಈಗ ಉಳಿದಿರುವವರು ಹೊರಗಿನಿಂದ ಬರುವ ತಜ್ಞ ವೈದ್ಯರು. ದಿನಕ್ಕೆ ಮೂರು ಆಸ್ಪತ್ರೆ ಸುತ್ತುವ ಇವರ ಹೆಸರು ನಮ್ಮ ಪಟ್ಟಿಯಲ್ಲೂ ಇಲ್ಲ, ಉಳಿದೆಡೆಯೂ ಇರುವಂತೆ ಕಾಣುವುದಿಲ್ಲ. ಈ ಸಲ ಬೆಳಿಗ್ಗೆ ಏಳಕ್ಕೇ, ಮೊದಲ ಶಸ್ತ್ರಚಿಕಿತ್ಸೆ ಶುರುವಾಗುವ ಮುನ್ನ, ಪೆಟ್ಟಿಗೆಯೊಂದಿಗೆ ಓಟಿಯ ವೈದ್ಯರ ಕೊಠಡಿಯ ಬಾಗಿಲಲ್ಲಿ ನಿಲ್ಲಲು ಅನುಮತಿ ಪಡೆದಿದ್ದೇನೆ.