ಡಬ್ಬಿ ಬಿಟ್ಟು ಬಣವಿಯಲ್ಲಿ ತತ್ತಿ

ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ನಾನು ಪಶುಸಖಿ, ಅಂದರೆ ಮನೆಮನೆಗೆ ಹೋಗಿ ದನ, ಆಡು, ಕೋಳಿ ಸಾಕಣೆಗೆ ನೆರವಾಗುವವಳು. ಕೋಳಿ ಸಾಕಿದ ಮನೆಗಳಲ್ಲಿ ಹೆಚ್ಚು ಕೇಳಿಬರುವ ದೂರು ರೋಗದ್ದಲ್ಲ. "ಯಕ್ಕಾ, ಡಬ್ಬಿ ಮಾಡಿಟ್ಟೀವಿ, ಹುಲ್ಲೂ ಹಾಕೀವಿ. ಆದ್ರೂ ಬಣವ್ಯಾಗ ಹೋಗಿ ತತ್ತಿ ಇಡ್ತದ ನೋಡ್ರಿ."

ಕೋಳಿಗೆ ಹಟ ಅನ್ನುವುದು ಮನೆಯವರ ತೀರ್ಮಾನ. ನಾನು ಮಾತ್ರ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ಕೈ ಹಾಕುತ್ತೇನೆ. ಬೇಸಿಗೆಯಲ್ಲಾದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎಣ್ಣೆ ಡಬ್ಬಿ ಕತ್ತರಿಸಿ ಪತ್ರಾಸಿನ ಕೆಳಗೆ ಇಟ್ಟಿರುತ್ತಾರೆ, ಬಾಯಿ ಮೂಡಣಕ್ಕೆ. ಕೋಳಿಗಳು ತತ್ತಿ ಇಡುವುದು ಹೆಚ್ಚಾಗಿ ಮುಂಜಾನೆ, 11ರೊಳಗೆ. ನಮ್ಮ ಕಡೆ ಮೇ ತಿಂಗಳಲ್ಲಿ ಅಷ್ಟೊತ್ತಿಗೆ ತಗಡು ಮುಟ್ಟಲಾಗದಷ್ಟು ಕಾದಿರುತ್ತದೆ. ಬಣವಿಯ ಬುಡ ನೋಡಿದರೆ ತಂಪು, ಮಬ್ಬು, ಮೆತ್ತಗೆ, ಬೆನ್ನಿಗೆ ಕಣಕಿಯ ಆಸರೆ. ಕೋಳಿ ಆರಿಸಿದ್ದು ಸರಿಯಾಗಿಯೇ ಇದೆ.

ಬಿಸಿಲಿಲ್ಲದ ಕಾಲದಲ್ಲೂ ಡಬ್ಬಿ ಬಿಟ್ಟರೆ ನುಸಿ ಹುಡುಕಬೇಕು. ಇದು ಹಗಲಲ್ಲಿ ಸಂದಿಯಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ಹಲಗೆಯ ಮೂಲೆಗೆ ಬಿಳಿ ಕಾಗದ ಒರೆಸಿ ನೋಡಿ. ಬೂದಿಯಂಥ ಪುಡಿ ಮೆಲ್ಲಗೆ ಹರಿದಾಡಿದರೆ, ಬೆರಳಲ್ಲಿ ಒತ್ತಿದಾಗ ಕೆಂಪು ಗೀರು ಬಿದ್ದರೆ ಅದೇ. ಹುಲ್ಲು ಸುಟ್ಟು, ಡಬ್ಬಿಗೆ ಕುದಿನೀರು ಸುರಿದು, ಬಿಸಿಲಿಗೆ ಒಣಗಿಸಿ ಸುಣ್ಣ ಬಳಿಯಿರಿ. ವಾರ ಬಿಟ್ಟು ಇನ್ನೊಮ್ಮೆ ಮಾಡಿ, ಯಾಕಂದರೆ ಸಂದಿಯೊಳಗಿನ ಮೊಟ್ಟೆ ಒಂದೇ ಸಲಕ್ಕೆ ಸಾಯುವುದಿಲ್ಲ.

ಇನ್ನೊಂದು, ಮಲಗುವ ಜಾಗ. ಕೋಳಿ ಎತ್ತರ ಹುಡುಕಿ ಮಲಗುತ್ತದೆ. ಅಡ್ಡಗೋಲು ಡಬ್ಬಿಗಿಂತ ಕೆಳಗಿದ್ದರೆ ಡಬ್ಬಿಯೇ ಹಾಸಿಗೆ, ಬೆಳಗಾದರೆ ಅದರ ತುಂಬ ಹಿಕ್ಕೆ. ಅಂಥದ್ದರೊಳಗೆ ಕೂರಲು ಮತ್ತೊಂದು ಕೋಳಿ ಒಪ್ಪುವುದಿಲ್ಲ. ಕೋಲು ಮೇಲೇರಿಸಿದರೆ ಮುಗಿಯಿತು. ನಾಲ್ಕೈದು ಕೋಳಿಗೆ ಒಂದು ಡಬ್ಬಿ ಸಾಕು, ಆದರೆ ಅದರಲ್ಲೊಂದು ಕಾವಿಗೆ ಕೂತಿದ್ದರೆ ಉಳಿದವುಗಳಿಗೆ ಜಾಗವೇ ಇರುವುದಿಲ್ಲ.

ಎಳೆ ಹೇಂಟೆಗಳದ್ದು ಬೇರೆ ಕತೆ. ಐದಾರು ತಿಂಗಳಿಗೆ ತತ್ತಿ ಶುರು. ಮೊದಲ ತತ್ತಿ ಸಿಕ್ಕ ಮೇಲೆ ಡಬ್ಬಿ ತರುವವರೇ ಹೆಚ್ಚು, ಅಷ್ಟರಲ್ಲಿ ಅದು ಜಾಗ ಗೊತ್ತು ಮಾಡಿಕೊಂಡಿರುತ್ತದೆ. ಎರಡು ಮೂರು ವಾರ ಮೊದಲೇ ಇಡಿ, ಒಳಗೆ ಸುಣ್ಣ ಬಳಿದ ದುಂಡು ಕಲ್ಲೊಂದು ಇರಲಿ. ತತ್ತಿ ಕಂಡಲ್ಲಿ ತತ್ತಿ ಇಡುವುದು ಅವುಗಳ ಸ್ವಭಾವ. ಬಣವಿ ರೂಢಿಯಾಗಿಬಿಟ್ಟಿದ್ದರೆ ಆ ಬುಡಕ್ಕೆ ಜಾಲಿಮುಳ್ಳು ಬಡಿದು, ವಾರ ಹತ್ತು ದಿನ ಕೋಳಿಗಳನ್ನು 11ರ ತನಕ ಹೊರಗೆ ಬಿಡಬೇಡಿ. ಒಳಗೆ ನೀರು, ಜೋಳ, ನೆರಳು ಇರಬೇಕು. "ಕಟ್ಟಿಹಾಕಿದ್ರ ಕೋಳಿ ಸೊರಗ್ತದ" ಅಂತ ಅಜ್ಜಿಯಂದಿರು ಬೈಯುತ್ತಾರೆ, ಬೈಸಿಕೊಳ್ಳಿ.

ಬಣವಿಯಲ್ಲಿ ರಾಶಿ ಸಿಕ್ಕರೆ ಸಂತೆಗೆ ಒಯ್ಯುವ ಮುಂಚೆ ನೀರಿಗೆ ಬಿಡಿ. ಅಡ್ಡ ಮಲಗಿದ್ದು ತಾಜಾ, ನೆಟ್ಟಗೆ ನಿಂತದ್ದು ಹಳೆಯದು, ಮನೆಯಲ್ಲೇ ಬೇಗ ಬೇಯಿಸಿ ಮುಗಿಸಿ. ತೇಲಿದ್ದನ್ನು ಒಡೆಯದೆ ತಿಪ್ಪೆಯಲ್ಲಿ ಹೂತುಬಿಡಿ.